ಬೆಳ್ಳಿಕಣ್ಣಮ್ಮನಿಗೆ ಬಿಟ್ಟ ಉಪ್ಪು

ಪುಟ್ಟಿಗೆ ಊಟ ಮಾಡಿಸುವುದೆಂದರೆ ಕೇತಮಾರನಹಳ್ಳಿಯ ಆ ಮನೆಯಲ್ಲಿ ಯಾರಿಗೂ ಬೇಡದ ಕೆಲಸ. ಮುದ್ದೆ ಕಂಡರೆ ಸಾಕು, ಹುಡುಗಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಹೆತ್ತ ತಾಯಿ ವೆಂಕಟಲಕ್ಷ್ಮಮ್ಮ ಮೊದಲು ಮುದ್ದು ಮಾಡಿ, ಆಮೇಲೆ ಗದರಿ, ಕೊನೆಗೆ ಬೆನ್ನಿಗೊಂದು ಕೊಟ್ಟು ತಟ್ಟೆಯನ್ನು ವಾರಗಿತ್ತಿಯ ಕಡೆಗೆ ತಳ್ಳುತ್ತಿದ್ದಳು.

"ತಗೋ ಸೀತಾ, ಈ ಮಹಾರಾಣಿಗೆ ನೀನೇ ಸರಿ."

ಸೀತಾ ಆ ಮನೆಯ ಕಿರಿ ಸೊಸೆ. ಬ್ಯಾಡರಹಳ್ಳಿಯಾಚೆಯ ಒಂದು ಪುಟ್ಟ ಊರಿನವಳು. ಮದುವೆಯಾಗಿ ಕೆಲವು ವರ್ಷ ಕಳೆದಿದ್ದರೂ ಮಡಿಲು ತುಂಬಿರಲಿಲ್ಲ. ಬೀದಿಯವರು ಅದನ್ನು ನೆನಪಿಸುವುದನ್ನು ಮರೆಯುತ್ತಿರಲಿಲ್ಲ. ಅವಳಿಗೆ ದೇವರು ಕೊಟ್ಟಿದ್ದು ಒಂದೇ, ಕತೆ ಕಟ್ಟುವ ಬಾಯಿ. ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳು ಗಿಳಿಗಾವಲು ಎಂಬ ರಾಜ್ಯದ ಕತೆ ಹೇಳುತ್ತಿದ್ದಳು. ಆ ರಾಜ್ಯ ಯಾವ ಭೂಪಟದಲ್ಲೂ ಇರಲಿಲ್ಲ, ಅವಳ ತಲೆಯಲ್ಲಿ ಮಾತ್ರ ಇತ್ತು.

ಗಿಳಿಗಾವಲಿನ ದೇವರುಗಳೇ ಬೇರೆ. ಸೋಮಾರಿರಾಯ ಅಂತ ಒಬ್ಬ ದೇವರಿದ್ದ. ಅವನ ಹಬ್ಬದ ದಿನ ರಾಜನಿಂದ ಹಿಡಿದು ಅಗಸನವರೆಗೆ ಎಲ್ಲರೂ ಬಾಗಿಲು ಹಾಕಿಕೊಂಡು ಮಧ್ಯಾಹ್ನ ನಿದ್ದೆ ಮಾಡಬೇಕು, ಅದೇ ಪೂಜೆ. ಗೊರಕೆ ಹೊಡೆದವರಿಗೆ ಪುಣ್ಯ ಹೆಚ್ಚು. ಚಿಲಕದಪ್ಪ ಅಂತ ಇನ್ನೊಬ್ಬ, ಮನೆಮನೆಯ ಬಾಗಿಲ ಚಿಲಕದಲ್ಲಿರುವವನು. ದಿನವಿಡೀ ಹೇಳಿದ ಸುಳ್ಳನ್ನೆಲ್ಲ ಸಂಜೆ ಅವನ ಕಿವಿಯಲ್ಲಿ ಒಪ್ಪಿಸಬೇಕು. ಮರೆಮಾಚಿದವರ ಮನೆ ಚಿಲಕ ತುಕ್ಕು ಹಿಡಿಯುತ್ತಿತ್ತು. ಇವರೆಲ್ಲರಿಗಿಂತ ದೊಡ್ಡವಳು ಬೆಳ್ಳಿಕಣ್ಣಮ್ಮ. ಮಕ್ಕಳನ್ನು ಕಾಯುವವಳು. ಕಲ್ಲಿನಲ್ಲಿ ಹುಟ್ಟಿದವಳಾದ್ದರಿಂದ ಅವಳ ನಾಲಗೆಗೆ ರುಚಿ ಗೊತ್ತಿಲ್ಲ. ಅವಳಿಗೆ ಕಾಯಿ ಬೇಡ, ಕೋಳಿ ಬೇಡ. ಹರಕೆ ಹೊತ್ತವರು ತಮ್ಮ ನಾಲಗೆಯ ಒಂದು ರುಚಿಯನ್ನು ಅವಳಿಗೆ ಬಿಟ್ಟುಕೊಡಬೇಕು. ಸಿಹಿಯೋ, ಹುಳಿಯೋ, ಉಪ್ಪೋ, ಅವರವರ ಇಷ್ಟ. ಕೆಲಸವಾದ ಮೇಲೆ ಗುಡಿಯ ಬಾಗಿಲಿಗೆ ಹೋಗಿ ನಿಂತರೆ ರುಚಿಯನ್ನು ವಾಪಸು ಕೊಡುತ್ತಾಳೆ.

"ನೀನು ತಿಂದ್ರೆ ಅವಳಿಗೂ ರುಚಿ ಹೋಗುತ್ತೆ. ಪಾಪ, ಹಸ್ಕೊಂಡವಳೆ, ಬಾಯಿ ತೆಗಿ" ಎಂದರೆ ಪುಟ್ಟಿ ಬಾಯಿ ತೆರೆಯುತ್ತಿದ್ದಳು. ಮುದ್ದೆ ಗುಳುಕ್ಕನೆ ಇಳಿಯುತ್ತಿತ್ತು. ದೊಡ್ಡವರು ಯಾರೂ ಆ ಕತೆಗೆ ಕಿವಿಗೊಡುತ್ತಿರಲಿಲ್ಲ. ಅತ್ತೆ ಚಿಕ್ಕಲಕ್ಷ್ಮಮ್ಮ ದನದ ಹಟ್ಟಿಯಿಂದಲೇ, "ಇವಳ ಬಾಯಿ ಕಟ್ಟಿದ್ರೆ ಮಗು ಉಪವಾಸ" ಎಂದು ನಗುತ್ತಿದ್ದರು.

ಶಿವರಾತ್ರಿಗೆ ಮುಂಚೆ ಪುಟ್ಟಿಗೆ ಜ್ವರ ಬಂತು. ಮೊದಲು ಕಷಾಯ ಆಯಿತು, ಆಮೇಲೆ ತಾಯತ ಆಯಿತು. ಅವಳಪ್ಪ ಮುನಿರಾಮಯ್ಯ ಮಿಲ್ಲಿಗೆ ರಜೆ ಹಾಕಿ ಡಾಕ್ಟರನ್ನು ಕರೆತಂದ. ವಿಷಮಶೀತ ಜ್ವರ ಎಂದು ಹೇಳಿ ಡಾಕ್ಟರು ಔಷಧಿ ಬರೆದುಕೊಟ್ಟರು. ಔಷಧಿ ಹೊಟ್ಟೆಗೆ ಹೋದ ದಿನವೇ ಹುಡುಗಿ ಕನವರಿಸತೊಡಗಿದಳು.

"ಬೆಳ್ಳಿಕಣ್ಣಮ್ಮ ಬಂದವ್ಳೆ... ಅವಳಿಗೆ ಏನಾದ್ರೂ ಕೊಡಿ... ಅಜ್ಜೀ, ನಿನ್ನ ನಾಲಗೆ ರುಚಿ ಅವಳಿಗೆ ಕೊಡು..."

ಅತ್ತೆ ಚಾಪೆಯ ಪಕ್ಕ ಕುಸಿದರು. "ಅದ್ಯಾವ ದೇವ್ರು? ನಮ್ಮನೇಲಿ ಯಾರೂ ಒಕ್ಕಲಿಲ್ವಲ್ಲ ಆ ಹೆಸರಿಗೆ?"

ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ಸೀತಾಳ ಕೈ ನಿಂತಿತು. ಅದು ನಾನು ಕಟ್ಟಿದ್ದು ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಬಂಜೆ ಸೊಸೆ ಹೇಳಿದ ಇಲ್ಲದ ಕತೆಗಳಿಂದಲೇ ಮಗುವಿನ ತಲೆ ಕೆಟ್ಟಿತು ಎಂದು ಎಲ್ಲಿ ಹೇಳಿಬಿಡುತ್ತಾರೋ ಎಂದು ಹೆದರಿದಳು.

"ನಮ್ಮೂರ ಕಡೆ ದೇವ್ರು, ಅತ್ತೆ" ಎಂದಳು.

"ಸತ್ಯ ಐತಾ ಅವಳಿಗೆ?"

"ಐತೆ."

ಅತ್ತೆ ಎದ್ದು ದೀಪದ ಮುಂದೆ ನಿಂತು ಕೈ ಮುಗಿದರು. "ತಾಯಿ, ನೀನು ಯಾರೋ ನಂಗೊತ್ತಿಲ್ಲ. ಮಗು ನಿನ್ನ ಹೆಸರು ಹಿಡಿದೈತೆ. ಅವಳು ಎದ್ದು ಕೂತ್ಕೊಳ್ಲಿ. ನಿನ್ನ ಗುಡಿ ಬಾಗ್ಲಿಗೆ ಬರೋಗಂಟ ನಾನು ಉಪ್ಪು ಮುಟ್ಟಲ್ಲ."

ಕೆಲವೇ ದಿನಗಳಲ್ಲಿ ಜ್ವರ ಇಳಿಯಿತು. ಔಷಧಿ ತನ್ನ ಕೆಲಸ ಮಾಡಿತ್ತು. ಆದರೆ ಮೊಮ್ಮಗಳು ಎದ್ದು ಕೂತು "ಅಜ್ಜಿ, ಹಸಿವು" ಎಂದಾಗ ಅತ್ತೆ ಕೈ ಮುಗಿದದ್ದು ಔಷಧಿಯ ಸೀಸೆಗಲ್ಲ.

ಅಲ್ಲಿಂದ ಅಡಿಗೆಮನೆಯಲ್ಲಿ ತಾಪತ್ರಯ ಶುರುವಾಯಿತು. ಸಾರಿಗೆ ಉಪ್ಪು ಹಾಕುವ ಮೊದಲು ಅತ್ತೆಯ ಪಾಲನ್ನು ಬೇರೆ ತೆಗೆಯಬೇಕು. ವೆಂಕಟಲಕ್ಷ್ಮಮ್ಮ ಒಂದೊಂದು ದಿನ ಮರೆಯುತ್ತಿದ್ದಳು. ಆ ದಿನ ಅತ್ತೆ ತಟ್ಟೆ ಸರಿಸಿ, ಬರೀ ಮುದ್ದೆ ನುಂಗಿ ನೀರು ಕುಡಿಯುತ್ತಿದ್ದರು.

"ಬೇಕಂತ ಹಾಕಿದ್ನಾ ನಾನು? ಎರಡೆರಡು ಅಡ್ಗೆ ಮಾಡೋಕೆ ನಂಗೇನು ನಾಕು ಕೈ ಐತಾ?"

"ನಿನ್ನ ಮಗಳಿಗೇ ತಾನೇ ಕಣಮ್ಮಿ ನಾನು ಹೊತ್ತಿದ್ದು?"

"ಹೊರ್ಬೇಡಿ ಅಂದ್ನಾ? ಬೇಗ ಹೋಗಿ ತೀರ್ಸಿ ಬನ್ನಿ ಅಂತೀನಿ. ಸೀತಾನ ತೌರು ಏನು ಕಾಶೀನಾ?"

ಆ ಮಾತು ಬಂದಾಗಲೆಲ್ಲ ಸೀತಾ ಕೊಡ ಎತ್ತಿಕೊಂಡು ಬಾವಿಗೆ ಹೊರಡುತ್ತಿದ್ದಳು. ಮನೆಯ ತೊಟ್ಟಿಯೆಲ್ಲ ತುಂಬಿದ್ದರೂ ಹೊರಡುತ್ತಿದ್ದಳು. ಬಾಗಿಲು ತೆಗೆಯುವಾಗ ಚಿಲಕದಪ್ಪನ ನೆನಪಾಗಿ, ಚಿಲಕಕ್ಕೆ ತುಕ್ಕು ಹಿಡಿದಿದೆಯೇ ಎಂದು ಸವರಿ ನೋಡುತ್ತಿದ್ದಳು. ತಾನೇ ಹುಟ್ಟಿಸಿದ ದೇವರಿಗೆ ತಾನೇ ಹೆದರುವ ಹೆಣ್ಣನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದು.

ಒಂದು ದಿನ ಸೀತಾಳ ತಂದೆ ಅಂಜಿನಯ್ಯ ಹಲಸಿನಕಾಯಿ ಹೊತ್ತು ಮಗಳನ್ನು ನೋಡಲು ಬಂದ. ಕಾಲು ತೊಳೆದು ಜಗಲಿಯಲ್ಲಿ ಕೂರುವುದೇ ತಡ, ಅತ್ತೆ ಮಜ್ಜಿಗೆಯ ಚೊಂಬು ಕೈಗೆ ಕೊಟ್ಟು ಕೇಳಿಯೇಬಿಟ್ಟರು.

"ಬೀಗರೇ, ನಿಮ್ಮ ಬೆಳ್ಳಿಕಣ್ಣಮ್ಮನ ಗುಡಿ ನಿಮ್ಮೂರಿಂದ ಎಷ್ಟು ದೂರ?"

ಅಂಜಿನಯ್ಯ ಚೊಂಬನ್ನು ಬಾಯಿಂದ ಇಳಿಸಿದ. ಬೀಗಿತಿಯ ಬೆನ್ನ ಹಿಂದೆ ನಿಂತ ಮಗಳ ಮುಖ ಬಿಳಿಚಿಕೊಂಡಿತ್ತು. ಮಗಳನ್ನು ಕೊಟ್ಟ ಮನೆಯಲ್ಲಿ ಕೂತು ಅವಳ ಮಾತನ್ನು ಇಲ್ಲ ಎನ್ನುವ ಜಾಯಮಾನ ಅವನದಲ್ಲ. ಬೀಗರ ಮನೆಯಲ್ಲಿ ಏನು ಕೇಳಿದರೂ ಹೂಂ ಅನ್ನಬೇಕು ಎಂದು ಅವನಪ್ಪ ಅವನಿಗೆ ಕಲಿಸಿದ್ದ.

"ಹತ್ರಾನೇ, ತಾಯಿ. ನಮ್ಮ ಹೊಲದ ಪಕ್ಕಾನೇ."

"ಈ ಸೋಮವಾರ ಬರ್ಲಾ?"

ಅಂಜಿನಯ್ಯ ಚೊಂಬು ಕೆಳಗಿಟ್ಟ. ಮಗಳಿಗೆ ಒಂದಷ್ಟು ಕಾಲಾವಕಾಶ ದೊರಕಿಸಿಕೊಡೋಣ ಎಂದುಕೊಂಡು, "ಈಗ ಬಾಗ್ಲು ಹಾಕವ್ರೆ, ತಾಯಿ. ಯುಗಾದಿ ಆದ್ಮೇಲೇ ತೆಗೆಯೋದು. ಪದ್ಧತಿ" ಎಂದ.

ತಂದೆಯ ಪ್ರೀತಿಯಿಂದ ಆದದ್ದು ಇಷ್ಟೇ. ವಾರದಲ್ಲಿ ತೀರಬಹುದಾಗಿದ್ದ ಹರಕೆ ಯುಗಾದಿಯಾಚೆಗೆ ಬೆಳೆಯಿತು. "ಪದ್ಧತಿ ಅಂದ್ಮೇಲೆ ಪದ್ಧತಿ" ಎಂದು ಅತ್ತೆ ತಲೆಯಾಡಿಸಿದರು. ಅಪ್ಪನನ್ನು ಬೀದಿಯ ಕೊನೆಯವರೆಗೆ ಬಿಟ್ಟುಬರಲು ಹೋದ ಸೀತಾ ಅಲ್ಲಿ ಅತ್ತುಬಿಟ್ಟಳು.

"ಯಾಕಪ್ಪಯ್ಯ ಹಂಗಂದೆ?"

"ನೀನ್ಯಾಕವ್ವ ಮೊದ್ಲು ಅಂದೆ?" ಎಂದ ಅಂಜಿನಯ್ಯ.

ಬಿಸಿಲು ಏರಿತು. ಅತ್ತೆ ಬೆಳಗ್ಗೆ ಬೆಳಗ್ಗೆಯೇ ಮೊಸರಿನ ಗಡಿಗೆ ಹೊತ್ತು ರಾಜಾಜಿನಗರದ ಹೊಸ ಮನೆಗಳಿಗೆ ಹೋಗುತ್ತಿದ್ದರು. ಹಿಂದೆ ಅವರದೇ ಹೊಲವಾಗಿದ್ದ ನೆಲದ ಮೇಲೆ ಈಗ ನೆಟ್ಟಗಿನ ರಸ್ತೆಗಳು, ಒಂದೇ ಅಚ್ಚಿನ ಮನೆಗಳು. ನೆರಳಿಗೆ ಒಂದು ಮರವೂ ಇಲ್ಲ. ಸಪ್ಪೆ ಊಟ ಗಂಟಲಲ್ಲಿ ಇಳಿಯದೆ ಮುದುಕಿ ಸೊರಗಿದರು. ಸೊಂಟಕ್ಕೆ ಸೀರೆ ನಿಲ್ಲುತ್ತಿರಲಿಲ್ಲ. ರಾತ್ರಿ ಮೀನಖಂಡ ಸೆಳೆಯುತ್ತದೆ ಎಂದು ನರಳುತ್ತಿದ್ದರು. ಸೀತಾ ಕೂತು ಕಾಲು ಒತ್ತಿದರೆ, "ನೀನಿದ್ದಿದ್ಕೆ ಮಗು ಉಳೀತು ಕಣವ್ವ, ನಿನ್ನ ದೇವ್ರು ದೊಡ್ಡೋಳು" ಎಂದು ಅವಳ ತಲೆ ಸವರುತ್ತಿದ್ದರು. ಅದಕ್ಕಿಂತ ಎರಡು ಬಾರಿಸಿದ್ದರೆ ಸೀತಾಗೆ ಹಿತವಾಗುತ್ತಿತ್ತು.

ಯುಗಾದಿಗೆ ಇನ್ನೂ ಕೆಲವು ದಿನವಿರುವಾಗ ಅತ್ತೆ ರಸ್ತೆಯಲ್ಲಿ ಬಿದ್ದರು. ಮೊಸರು ಕೊಳ್ಳುವ ಮನೆಯ ನೀಲಮ್ಮ, ಹಾವೇರಿ ಕಡೆಯವಳು, ತನ್ನ ಗಂಡನ ಜೊತೆ ಅವರನ್ನು ಜಟಕಾದಲ್ಲಿ ಕರೆತಂದಳು.

"ಬಿಸಲಾಗ ತಲಿ ತಿರುಗಿ ಬಿದ್ರು ನೋಡವಾ. ನಿಮ್ಮತ್ತಿ ಹೊಟ್ಟಿಗೆ ಸರಿ ತಿಂತಾರೋ ಇಲ್ಲೋ?"

ಇಬ್ಬರು ಸೊಸೆಯರೂ ಸೇರಿ ಅತ್ತೆಯನ್ನು ಇಳಿಸಿಕೊಂಡು ಚಾಪೆಯ ಮೇಲೆ ಮಲಗಿಸಿದರು.

ಡಾಕ್ಟರು ನಾಡಿ ನೋಡಿ, ಹರಕೆಯ ವಿಷಯ ಕೇಳಿ ಬೈದರು. "ಈ ಬಿಸಿಲಲ್ಲಿ, ಈ ವಯಸ್ಸಲ್ಲಿ ಉಪ್ಪಿಲ್ದೆ ಇರೋದಾ? ಔಷಧಿ ಏನೂ ಬೇಡ. ಮೊದ್ಲು ಉಪ್ಪು ಹಾಕಿದ ಗಂಜಿ ಕೊಡಿ. ಇಲ್ಲಾಂದ್ರೆ ನನ್ನನ್ನ ಮತ್ತೆ ಕರೀಬೇಡಿ."

ಮುನಿರಾಮಯ್ಯ ಅವ್ವನ ಮುಂದೆ ಗಂಜಿಯ ಬಟ್ಟಲು ಹಿಡಿದ. ಅವರು ತುಟಿ ಬಿಗಿದರು. ಥೇಟ್ ಮೊಮ್ಮಗಳ ಹಾಗೆ.

"ಅವ್ವ, ನೀನು ಸತ್ರೆ ಆ ದೇವ್ರು ಬಂದು ಮೊಸರು ಮಾರ್ತಾಳಾ?"

"ಮಾತು ಕೊಟ್ಟಿದೀನಿ ಕಣೋ. ಕೊಟ್ಟ ಮಾತು ತಪ್ಪಿ ಮಗೀಗೆ ತಿರ್ಗ ಜ್ವರ ಬಂದ್ರೆ?"

ಮುನಿರಾಮಯ್ಯ ಬಟ್ಟಲನ್ನು ನೆಲಕ್ಕೆ ಕುಕ್ಕಿ ಹೊರಗೆ ಹೋದ.

ಅವತ್ತು ಸಂಜೆ ಎಮ್ಮೆ ಕರೆಯುತ್ತಿದ್ದ ಗಂಡ ಕೃಷ್ಣಪ್ಪನ ಬಳಿ ಹೋಗಿ ಸೀತಾ ಎಲ್ಲವನ್ನೂ ಹೇಳಿದಳು. ಅವನು ಮೊದಲು ನಕ್ಕ. ನಗು ಮುಗಿದ ಮೇಲೆ ಹೆದರಿದ.

"ಬಾಯಿ ಬಿಟ್ಟೀಯ ಮತ್ತೆ. ಅತ್ತಿಗೆ ನಿನ್ನ ಸೀಳಿ ಹಾಕ್ತಾರೆ."

"ಅತ್ತೆ ಸತ್ತೋಗ್ತಾರೆ ಕಣ್ರೀ!"

"ಸಾಯೋಕೆ ಬಿಡ್ತೀವಾ? ನಿಮ್ಮಪ್ಪಂಗೆ ಹೇಳಿ ಕಳಿಸ್ತೀನಿ. ಒಂದು ಕಲ್ಲು ನಿಲ್ಸಿ ಅರಿಶಿನ ಕುಂಕುಮ ಬಳೀಲಿ. ಹೋಗೋದು, ಕೈ ಮುಗಿಯೋದು, ಬರೋದು. ಯಾರಿಗೇನು ನಷ್ಟ?"

ಸೀತಾ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ಎಷ್ಟೋ ದಿನದ ಮೇಲೆ ಆ ರಾತ್ರಿ ನಿದ್ದೆಯನ್ನೂ ಮಾಡಿದಳು. ಸುಳ್ಳಿಗೆ ಒಂದು ಸೂರು ಸಿಕ್ಕಿತಲ್ಲ ಎಂಬ ಸಮಾಧಾನ. ಅಂಜಿನಯ್ಯನೂ ಹಿಂದೆ ಬೀಳಲಿಲ್ಲ. ಕರು ಕಟ್ಟುತ್ತಿದ್ದ ಕಲ್ಲನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಸುತ್ತ ಇಟ್ಟಿಗೆ ಜೋಡಿಸಿ, ಸುಣ್ಣ ಬಳಿದು, "ಈ ವರ್ಷ ಬಾಗ್ಲು ಬೇಗ ತೆಗೆದವ್ರೆ" ಎಂದು ಹೇಳಿ ಕಳಿಸಿದ.

ಹೊರಡುವ ಬೆಳಗ್ಗೆ ಗಾಡಿ ಬಾಗಿಲಿಗೆ ಬಂತು. ಪುಟ್ಟಿ ಹೊಸ ಲಂಗ ಹಾಕಿಕೊಂಡು ಗಾಡಿ ಹತ್ತಿ ಇಳಿದು ಕುಣಿಯುತ್ತಿದ್ದಳು. ವೆಂಕಟಲಕ್ಷ್ಮಮ್ಮ ಬುಟ್ಟಿಯಲ್ಲಿ ಹೂವು, ತಂಬಿಟ್ಟು ಜೋಡಿಸಿದಳು. ಅತ್ತೆ ಗೋಡೆ ಹಿಡಿದು ಹೊರಗೆ ಬಂದು, ಸೀತಾಳನ್ನು ಹತ್ತಿರ ಕರೆದು, ಸೆರಗಿನ ಗಂಟು ಬಿಚ್ಚಿದರು.

ಒಳಗೆ ಒಂದು ಜೊತೆ ಬೆಳ್ಳಿಯ ಕಣ್ಣು. ಅಕ್ಕಸಾಲಿಗ ಹೊಸದಾಗಿ ತಟ್ಟಿಕೊಟ್ಟದ್ದು.

"ಚೆಂದ ಆಗೈತಾ? ನಮ್ಮವ್ವ ಕೊಟ್ಟ ಕಡಗ ಇತ್ತಲ್ಲ, ಅದನ್ನೇ ಕರಗ್ಸಿದೆ. ಬೆಳ್ಳಿಕಣ್ಣಮ್ಮ ಅಂದ್ಮೇಲೆ ಕಣ್ಣು ಬೆಳ್ಳೀದೇ ಇರ್ಬೇಕಲ್ವಾ?"

ಆ ಕಡಗವನ್ನು ಅತ್ತೆ ಹೊಲ ಹೋದಾಗಲೂ ಮಾರಿರಲಿಲ್ಲ. ಹೆಣ್ಣುಮಕ್ಕಳ ಮದುವೆಯಲ್ಲೂ ಬಿಚ್ಚಿರಲಿಲ್ಲ. ಕರು ಕಟ್ಟುವ ಕಲ್ಲಿಗೆ ಅಂಟಿಸಲು ಈಗ ಅದು ಕಣ್ಣಾಗಿತ್ತು.

"ಅತ್ತೆ, ಗಾಡಿ ವಾಪಸ್ ಕಳಿಸಿ" ಎಂದಳು ಸೀತಾ. "ಅಲ್ಲಿ ಗುಡಿ ಇಲ್ಲ."

"ಇಲ್ಲ ಅಂದ್ರೆ?"

"ಅಪ್ಪಯ್ಯ ನನ್ನ ಮಾನ ಉಳ್ಸೋಕೆ ಹೇಳಿದ್ದು. ಅಲ್ಲಿರೋದು ಕರು ಕಟ್ಟೋ ಕಲ್ಲು. ಬೆಳ್ಳಿಕಣ್ಣಮ್ಮ ಅಂತ ಯಾರೂ ಇಲ್ಲ, ಅತ್ತೆ. ಪುಟ್ಟಿ ಉಣ್ಲಿ ಅಂತ ನಾನು ಕಟ್ಟಿದ್ದು."

ಕೃಷ್ಣಪ್ಪ ತಲೆಯ ಮೇಲೆ ಕೈ ಹೊತ್ತ. ವೆಂಕಟಲಕ್ಷ್ಮಮ್ಮನ ಬುಟ್ಟಿ ಕೈಜಾರಿ ತಂಬಿಟ್ಟು ಮಣ್ಣಿಗೆ ಉರುಳಿತು.

"ಆವತ್ತು ನನ್ನ ಮಗು ಕಣ್ಣು ಮೇಲಕ್ಕೆ ಮಾಡಿತ್ತು ಕಣೇ" ಎಂದಳು ಅವಳು. ಕೂಗಲಿಲ್ಲ, ಅದೇ ಹೆಚ್ಚು ಭಯವಾಗುವಂತಿತ್ತು. "ನಾನು ಇರೋ ದೇವ್ರನ್ನೆಲ್ಲ ಬಿಟ್ಟು ಅವಳ ಹೆಸರನ್ನೇ ಕೂಗ್ದೆ. ನೀನು ಪಕ್ಕದಲ್ಲೇ ಕೂತಿದ್ದೆ. ಕೇಳಿಸ್ಕೊಂಡು ಸುಮ್ನಿದ್ದೆ. ನಿಂಗೆ ಮಕ್ಕಳಿದ್ದಿದ್ರೆ ಹಂಗೆ ಕೂತಿರ್ತಿದ್ಯಾ?"

ಸೀತಾ ಆ ಮಾತನ್ನು ನಿಂತೇ ತಿಂದಳು. ಅದಕ್ಕಿಂತ ಕಡಿಮೆಯದು ತನಗೆ ಸಲ್ಲದು ಎಂದು ಅವಳಿಗೇ ಅನ್ನಿಸಿತ್ತು.

ಅತ್ತೆ ಮಾತ್ರ ಅಂಗೈಯಲ್ಲಿದ್ದ ಕಣ್ಣುಗಳನ್ನೇ ನೋಡುತ್ತಿದ್ದರು. "ಮಗು ಉಳಿದಿದ್ದು ನಿಜ ತಾನೇ?"

"ನಿಜ, ಅತ್ತೆ. ಔಷಧಿಯಿಂದ."

"ನಾನು ಉಪ್ಪು ಬಿಟ್ಟಿದ್ದು ನಿಜ ತಾನೇ?"

"ನಿಜ."

"ಹಂಗಾದ್ರೆ ನಡುವೆ ಇರೋಳು ಒಬ್ಳೇ ಸುಳ್ಳಾ?" ಅವರು ಹೊಸ್ತಿಲ ಮೇಲೆ ಕೂತರು. "ಅವಳು ಇದ್ದಿದ್ರೆ ಬಾಗ್ಲಲ್ಲಿ ನಿಂತು, ತಾಯಿ, ಮುದುಕಿ ನಾನು, ಬಿಟ್ಬಿಡು ಅಂತ ಕೇಳ್ಬೋದಾಗಿತ್ತು. ಇಲ್ದೆ ಇರೋಳ್ನ ಎಲ್ಲಿ ನಿಂತು ಕೇಳ್ಲಿ? ಮಾತಂತೂ ಕೊಟ್ಟಾಯ್ತು. ಇನ್ನು ಬಿಡ್ಸೋರು ಯಾರೂ ಇಲ್ಲ ಅಂತಾಯ್ತಲ್ಲ."

ನಿಜ ಹೇಳಿದರೆ ಅತ್ತೆ ಬೈದು, ಉಗಿದು, ಉಪ್ಪು ತಿನ್ನುತ್ತಾರೆ ಎಂದುಕೊಂಡಿದ್ದಳು ಸೀತಾ. ಅವರು ತಿನ್ನಲಿಲ್ಲ. ಗಾಡಿ ಹೋಯಿತು, ಯುಗಾದಿ ಬಂತು, ಬೇವು ಬೆಲ್ಲ ಆಯಿತು, ಒಬ್ಬಟ್ಟಿನ ಸಾರು ಕುದಿಯಿತು. ಅತ್ತೆಯ ಪಾಲು ಸಪ್ಪೆಯಾಗಿಯೇ ಬೇರೆ ಪಾತ್ರೆಯಲ್ಲಿ ಕೂತಿತ್ತು. ವೆಂಕಟಲಕ್ಷ್ಮಮ್ಮ ಸೀತಾಳ ಜೊತೆ ಮಾತು ಬಿಟ್ಟಳು. ಮಗುವನ್ನು ಅವಳ ತೊಡೆಗೆ ಕೊಡುವುದನ್ನೂ ಬಿಟ್ಟಳು. "ಸುಮ್ನಿದ್ದಿದ್ರೆ ಎಲ್ಲಾ ಮುಗೀತಿತ್ತು, ಸತ್ಯಹರಿಶ್ಚಂದ್ರನ ತಂಗಿ" ಎಂದು ಕೃಷ್ಣಪ್ಪ ದಿನಾ ಹಂಗಿಸುತ್ತಿದ್ದ. ಸುಳ್ಳು ಹೇಳಿ ಒಂದು ಪಾಪ, ನಿಜ ಹೇಳಿ ಇನ್ನೊಂದು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಅತ್ತೆಯ ಬೆರಳು ನಡುಗಿ ಮುದ್ದೆ ಮುರಿಯಲಾಗಲಿಲ್ಲ. ತುಣುಕು ಸಾರಿಗೆ ಬಿತ್ತು, ಮತ್ತೆ ಹಿಡಿದರು, ಮತ್ತೆ ಬಿತ್ತು. ಸೀತಾ ಒಲೆಯ ಬಳಿಯಿಂದ ಎದ್ದು, ಉಪ್ಪಿನ ಮಡಕೆ ತಂದು ಅತ್ತೆಯ ಮುಂದೆ ಕೂತಳು.

"ಅತ್ತೆ, ನೀವು ಮಾತು ಕೊಟ್ಟಿದ್ದು ಅವಳಿಗಲ್ಲ, ನಂಗೆ. ಹೇಳಿದೋಳು ನಾನು, ಕೇಳಿಸ್ಕೊಂಡೋಳೂ ನಾನು. ನಾನು ನಿಮ್ಮ ಕಣ್ಣೆದುರಿಗೇ ಇದೀನಿ. ಬಿಟ್ಟಿದೀನಿ, ಉಣ್ಣಿ."

"ನೀನೇನು ದೇವ್ರಾ?" ಎಂದ ಕೃಷ್ಣಪ್ಪ.

"ಅಲ್ಲ. ಅದಕ್ಕೇ ಹೇಳ್ತಿರೋದು."

ಅತ್ತೆ ಹಿರಿಯ ಸೊಸೆಯ ಕಡೆ ತಿರುಗಿದರು. "ಏನಂತೀಯೇ? ಮಗು ನಿಂದು."

ವೆಂಕಟಲಕ್ಷ್ಮಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮಗು ಉಳ್ಕೊಂತು. ಇನ್ನು ನೀವು ಹೋದ್ರೆ ಇವಳನ್ನ ನಾನು ಯಾವ ಜನ್ಮಕ್ಕೂ ಕ್ಷಮಿಸೋಕಾಗಲ್ಲ. ಉಣ್ಣಿ."

ಸೀತಾ ಒಂದು ಹರಳು ಉಪ್ಪನ್ನು ಸಾರಿಗೆ ಹಾಕಿ ಬೆರಳಿನಿಂದಲೇ ಕದಡಿದಳು. ತುತ್ತು ಮುರಿದು, ಅದ್ದಿ, ಅತ್ತೆಯ ಬಾಯಿಗೆ ಇಟ್ಟಳು. ಅತ್ತೆ ಕಣ್ಣು ಮುಚ್ಚಿ ನುಂಗಿದರು. ಮುಖ ಕಿವುಚಿತು.

"ಉಪ್ಪು ಜಾಸ್ತಿ" ಎಂದರು.

ಹಾಕಿದ್ದು ಒಂದೇ ಹರಳು.

ಅಮ್ಮನ ಪಕ್ಕ ಕೂತು ಎಲ್ಲವನ್ನೂ ನೋಡುತ್ತಿದ್ದ ಪುಟ್ಟಿ ಕೇಳಿದಳು, "ಚಿಕ್ಕಮ್ಮ, ಬೆಳ್ಳಿಕಣ್ಣಮ್ಮ ಅಜ್ಜಿ ರುಚಿ ವಾಪಸ್ ಕೊಟ್ಬಿಟ್ಳಾ?"

ಅತ್ತೆ ಕಣ್ಣು ತೆರೆದು ಸೀತಾಳನ್ನು ನೋಡಿದರು. ಹೂಂ ಎಂದುಬಿಟ್ಟಿದ್ದರೆ ಹುಡುಗಿ ನಗುತ್ತಿದ್ದಳು, ಊಟ ಮುಂದುವರಿಯುತ್ತಿತ್ತು. ಹಾಗೆ ಒಂದು ಹೂಂ ಅಂದದ್ದರಿಂದಲೇ ಇಷ್ಟೆಲ್ಲ ಆಗಿದ್ದು.

"ಇಲ್ಲ, ಪುಟ್ಟಿ. ನಾನು ಕೊಟ್ಟೆ" ಎಂದಳು ಸೀತಾ. "ಕಿತ್ಕೊಂಡಿದ್ದೂ ನಾನೇ."

ಪುಟ್ಟಿಗೆ ಅರ್ಥವಾಗಲಿಲ್ಲ. ಚಿಕ್ಕಮ್ಮ ಯಾಕೆ ಅಳುತ್ತಿದ್ದಾಳೆ ಎಂದು ಅಮ್ಮನ ಮುಖ ನೋಡಿದಳು. ಅಮ್ಮ ಬೇರೆ ಕಡೆ ನೋಡುತ್ತಿದ್ದಳು. ಅತ್ತೆ ಬಟ್ಟಲನ್ನು ಸೀತಾಳ ಕಡೆಗೆ ಸರಿಸಿ, "ಮಜ್ಜಿಗೆ ಹುಯ್ಯಿ. ಅದಕ್ಕೂ ವಸಿ ಉಪ್ಪು ಹಾಕು" ಎಂದರು.